ಲೈಸನ್ಸ್ ರಿನೀವಲ್: ಸೈಟಿನಲ್ಲಿ ನನ್ನ ನಂಬರೇ ಇಲ್ಲ ಅಂತ ಬರ್ತದೆ (ಕಾಸರಗೋಡು ಆರ್‌ಟಿಒ)

ಪೆರ್ಲ ಕಡೆಯವ:

ಎಲ್ಲರಿಗೂ ನಮಸ್ಕಾರ. ಗೊತ್ತಿದ್ದವರು ಸ್ವಲ್ಪ ದಾರಿ ತೋರಿಸಿ, ಒಂದು ವಾರದಿಂದ ತಲೆ ಕೆಟ್ಟು ಹೋಗಿದೆ. ನನ್ನ ಲೈಸನ್ಸ್ 2006ರಲ್ಲಿ ಕಾಸರಗೋಡಿನಲ್ಲಿ ಮಾಡಿಸಿದ್ದು, ಬೈಕ್ ಕಾರು ಎರಡೂ ಉಂಟು, ಆಗ 25 ವರ್ಷ ಪ್ರಾಯ, 20 ವರ್ಷಕ್ಕೆ ಕೊಟ್ಟಿದ್ರು, ಇನ್ನು ಬೇಕಾದಷ್ಟು ಟೈಮ್ ಉಂಟಲ್ಲ ಅಂತ ಪರ್ಸಿನೊಳಗೆ ಇಟ್ಟದ್ದು ಇಟ್ಟ ಹಾಗೇ ಇತ್ತು. ಮೊನ್ನೆ ಕಾರಿನ ಇನ್ಶೂರೆನ್ಸ್ ಕಟ್ಟುವಾಗ ಏಜೆಂಟ್ ಅಣ್ಣ ನೋಡಿ ಹೇಳಿದ್ರು, ಇದರ ಡೇಟ್ ಮುಗಿದು 12 ದಿವಸ ಆಯ್ತಲ್ಲ ಅಂತ.

ಲೈಸನ್ಸಿನ ಸರಕಾರಿ ಸೈಟ್ ಸಾರಥಿಗೆ ಹೋಗಿ ಲೈಸನ್ಸಲ್ಲಿ ಇದ್ದ ಹಾಗೆಯೇ ನಂಬರ್ ಹಾಕಿದೆ, ಹೀಗೊಂದು ಲೈಸನ್ಸೇ ಇಲ್ಲ ಅಂತ ಬಂತು. ನಾಲ್ಕೈದು ಸಲ ಹಾಕಿದೆ, ಅದೇ. ಮತ್ತೆ ಪೇಟೆಯ ಒಂದು ಆನ್‌ಲೈನ್ ಅಂಗಡಿಗೆ ಹೋದೆ, ಅಲ್ಲಿ 500 ರೂಪಾಯಿ ತಕ್ಕೊಂಡು ಅರ್ಧ ಗಂಟೆ ಒತ್ತಿ ಒತ್ತಿ ಕಡೆಗೆ "ನಿಮ್ಮ ರೆಕಾರ್ಡೇ ಹೋಗಿದೆ, ಇನ್ನು ಲರ್ನರ್ಸಿನಿಂದ ಹೊಸತು ಮಾಡ್ಬೇಕು, ಒಟ್ಟು ಎಂಟು ಸಾವಿರ ಆಗ್ತದೆ" ಅಂತ ಹೇಳಿದ್ರು. 20 ವರ್ಷ ಗಾಡಿ ಓಡಿಸಿದವ ಈಗ ಪುನಃ ಟೆಸ್ಟಿಗೆ ಬೈಕಲ್ಲಿ ಎಂಟು ಹಾಕ್ಲಿಕ್ಕೆ ಹೋಗ್ಬೇಕಾ? ಇದು ನಿಜವಾ? ಇನ್ನೊಂದು, ಮುಗಿದ ಮೇಲೆ 30 ದಿವಸ ಓಡಿಸಬಹುದು ಅಂತ ಮಾವ ಹೇಳ್ತಾರೆ, ನನಗೆ ದಿನಾ ಅಡ್ಕಸ್ಥಳ ದಾಟಿ ವಿಟ್ಲಕ್ಕೆ ಹೋಗ್ಲಿಕ್ಕುಂಟು, ಅದಕ್ಕೆ ಕೇಳುದು.

ಉಪ್ಪಳ ಗ್ಯಾರೇಜ್:

ಮೊದಲು ಗಾಡಿ ಓಡಿಸುದು ನಿಲ್ಲಿಸಿ ಅಣ್ಣ. ಮಾವ ಹೇಳಿದ 30 ದಿವಸದ ವಿಷಯ ಹಳೇ ಕಾಯಿದೆಯದ್ದು, 2019ರ ತಿದ್ದುಪಡಿಯಲ್ಲಿ ಅದನ್ನು ತೆಗೆದು ಹಾಕಿದ್ದಾರೆ, ಈಗ ಡೇಟ್ ಮುಗಿದ ಮರುದಿವಸದಿಂದ ನೀವು ಲೈಸನ್ಸ್ ಇಲ್ಲದವರ ಲೆಕ್ಕ. ಫೈನ್ ಕೇಂದ್ರದ ಕಾಯಿದೆ ಪ್ರಕಾರ 5000. ಫೈನ್ ಹೋದ್ರೆ ಹೋಗ್ಲಿ, ಯಾರಿಗಾದ್ರೂ ತಾಗಿದ್ರೆ ಇನ್ಶೂರೆನ್ಸಿನವರು ಇದನ್ನೇ ಹಿಡಿದು ತಕರಾರು ತೆಗೀತಾರೆ, ನನ್ನ ಗ್ಯಾರೇಜಿಗೆ ಬಂದ ಒಂದು ಗಾಡಿಯದ್ದು ಹಾಗೆ ಆಗಿ ಆ ಮನೆಯವರು ಪಟ್ಟ ಕಷ್ಟ ನಾನು ಕಣ್ಣಾರೆ ನೋಡಿದ್ದೇನೆ. ಸ್ವಲ್ಪ ದಿವಸ ಬಸ್ಸಲ್ಲಿ ಹೋಗಿ.

ಟೆಸ್ಟ್ ಬೇಡ, ಹೆದರ್ಬೇಡಿ. ಡೇಟ್ ಮುಗಿದು ಒಂದು ವರ್ಷದ ಒಳಗೆ ಅರ್ಜಿ ಹಾಕಿದ್ರೆ ಬರೀ ರಿನೀವಲ್, ಒಂದು ವರ್ಷ ದಾಟಿದ್ರೆ ಮಾತ್ರ ಟೆಸ್ಟ್. ನಿಮಗೆ 12 ದಿವಸ ಆದದ್ದಷ್ಟೆ.

ನಂಬರ್ ಸಿಕ್ಕದ್ದು ಎಂತಕ್ಕೆ ಅಂದ್ರೆ ನಿಮ್ಮದು ಹಳೇ ನಮೂನೆ ಇರ್ಬೇಕು. 14/3456/2006 ಅಂತ ಅಡ್ಡಗೀಟು ಹಾಕಿ ಉಂಟಾ ನೋಡಿ. ಸಾರಥಿಯಲ್ಲಿ ಹಾಗೆ ಹಾಕಿದ್ರೆ ಅದಕ್ಕೆ ಅರ್ಥ ಆಗುದಿಲ್ಲ. ಮೊದಲು ಕೆಎಲ್14, ಆಮೇಲೆ ಒಂದು ಜಾಗ ಬಿಟ್ಟು ವರ್ಷ 2006, ಅದರ ಬೆನ್ನಿಗೇ ನಂಬರನ್ನು ಏಳು ಅಂಕಿ ಮಾಡಿ, ಅಂದ್ರೆ 3456 ಇದ್ರೆ ಎದುರಿಗೆ ಮೂರು ಸೊನ್ನೆ ಸೇರಿಸಿ 0003456. ಒಟ್ಟಿಗೆ ಕೆಎಲ್14 20060003456 ಆಯ್ತು, ಅಕ್ಷರ ಇಂಗ್ಲಿಷಲ್ಲಿ ಹಾಕಿ. ನಿಮ್ಮದು ನಾಲ್ಕೇ ಅಂಕಿಯಾ ಐದಾ ನೋಡಿ ಸೊನ್ನೆ ಲೆಕ್ಕ ಮಾಡಿ, ಹೆಚ್ಚಿನವರು ಸೋಲುದು ಅಲ್ಲಿಯೇ.

ಪೆರ್ಲ ಕಡೆಯವ:

ಅಣ್ಣ ನಿಮ್ಮ ಕೈಗೆ ನಮಸ್ಕಾರ, ಬಂತು! ಸೊನ್ನೆಯದ್ದೇ ವಿಷಯ. ಎಂಟು ಸಾವಿರ ಉಳೀತು.

ಆದ್ರೆ ಈಗ ಬೇರೆ ಕತೆ. ತೆರೆದು ನೋಡಿದ್ರೆ ಹೆಸರು ನನ್ನದಲ್ಲ. ನನ್ನ ಹೆಸರು "ರಾಮ" ಅಂತ ಮುಗಿಯುದು, ಎಸ್ಸೆಸ್ಸೆಲ್ಸಿ ಬುಕ್ಕಲ್ಲಿ ಹಾಗೇ ಉಂಟು, ಆಧಾರಲ್ಲಿಯೂ ಹಾಗೇ. ಲೈಸನ್ಸಿನಲ್ಲಿ "ರಾಮನ್" ಅಂತ ಕಡೆಗೆ ಒಂದು ಎನ್ ಸೇರಿಸಿ ಬಿಟ್ಟಿದ್ದಾರೆ. ಕಾರ್ಡನ್ನು ಲೈಟಿಗೆ ಹಿಡಿದು ನೋಡಿದೆ, ಲ್ಯಾಮಿನೇಶನ್ ಅಂಚಲ್ಲಿ ಹಳದಿಯಾಗಿ ಅಕ್ಷರ ಮಾಸಿದೆ, ಆದ್ರೂ ಆ ಎನ್ ಸರಿ ಕಾಣ್ತದೆ. 20 ವರ್ಷ ನಾನು ಅದನ್ನು ನೋಡ್ಲೇ ಇಲ್ಲ. ಆಧಾರ್ ಓಟಿಪಿ ಕೊಟ್ಟು ಮುಂದೆ ಹೋಗುವ ಅಂದ್ರೆ ಹೆಸರು ಹೊಂದುದಿಲ್ಲ ಅಂತ ನಿಲ್ತದೆ. ಹಳೇ ಮೊಬೈಲ್ ನಂಬರ್ ಕೂಡ ಈಗ ನನ್ನ ಕೈಯಲ್ಲಿ ಇಲ್ಲ. ಆಧಾರಿನಲ್ಲಿಯೇ ಒಂದು ಎನ್ ಸೇರಿಸಿ ಬಿಡುದಾ ಅಂತ ಯೋಚನೆ ಮಾಡ್ತಾ ಇದ್ದೇನೆ, ಹಾಗೆ ಮಾಡಿದ್ರೆ ಸುಲಭ ಆಗುದಿಲ್ವಾ?

ಬದಿಯಡ್ಕ ಅಕ್ಕ:

ಬೇಡ ಬೇಡ ಬೇಡ. ಆಧಾರನ್ನು ಮುಟ್ಟಬೇಡಿ ತಮ್ಮ. ಆಧಾರಲ್ಲಿ ಎನ್ ಸೇರಿಸಿದ್ರೆ ನಾಳೆ ಪಾನ್ ಹೊಂದುದಿಲ್ಲ, ನಾಡಿದ್ದು ಬ್ಯಾಂಕ್ ಪಾಸ್‌ಬುಕ್ ಹೊಂದುದಿಲ್ಲ, ಮಕ್ಕಳ ಸರ್ಟಿಫಿಕೇಟಲ್ಲಿ ಅಪ್ಪನ ಹೆಸರು ಹೊಂದುದಿಲ್ಲ. ಎಸ್ಸೆಸ್ಸೆಲ್ಸಿ ಬುಕ್ಕಲ್ಲಿ ಎಂತ ಉಂಟೋ ಅದನ್ನೇ ಬೇರು ಅಂತ ಹಿಡ್ಕೊಳ್ಳಿ, ಬಾಕಿ ಎಲ್ಲವನ್ನೂ ಅದಕ್ಕೆ ಸರಿ ಮಾಡ್ತಾ ಬನ್ನಿ. ನಾನು ಮನೆಯಲ್ಲೇ ಕೂತು ಊರಿನವರದ್ದು ಇಂಥ ಅರ್ಜಿ ಹಾಕಿ ಕೊಡ್ತೇನೆ, ನಮ್ಮ ಕನ್ನಡ ಮೀಡಿಯಮ್‌ನವರ ಕೇಸು ನೂರಕ್ಕೆ ನೂರು ಇದೇ. ನಾವು ಕನ್ನಡದಲ್ಲಿ ಹೆಸರು ಹೇಳುದು, ಕೌಂಟರಲ್ಲಿದ್ದವರು ಮಲಯಾಳದ ಕಿವಿಯಲ್ಲಿ ಕೇಳುದು, ಬರೆಯುದು ಇಂಗ್ಲಿಷಲ್ಲಿ. ಅಷ್ಟಾಗುವಾಗ ರಾಮ ರಾಮನ್ ಆಗ್ತಾನೆ, ನಾರಾಯಣ ನಾರಾಯಣನ್ ಆಗ್ತಾನೆ. ನನ್ನ ಅತ್ತೆಯ ಹೆಸರಲ್ಲಿ ಟಿ ಆದ ಮೇಲೆ ಒಂದು ಎಚ್, ರೇಷನ್ ಕಾರ್ಡಲ್ಲಿ ಉಂಟು, ಪೆನ್ಶನ್ ಬುಕ್ಕಲ್ಲಿ ಇಲ್ಲ, ಆ ಒಂದು ಎಚ್ಚಿಗೆ ಅವರು ಎಷ್ಟು ಸಲ ಬಸ್ಸು ಹತ್ತಿದ್ದಾರೆ ಅಂತ ನನಗೆ ಗೊತ್ತುಂಟು. ಬರೆದವರು ಬೇಕಂತ ಮಾಡಿದ್ದಲ್ಲ, ಆದ್ರೆ ಅನುಭವಿಸುದು ನಾವೇ ಅಲ್ವಾ.

ಈಗ ಕೆಲಸದ ವಿಷಯ. ನೀವು ಎಣ್ಮಕಜೆ ಪಂಚಾಯತಿನವರಾದ್ರೆ ನಿಮ್ಮ ವಿಲ್ಲೇಜ್ ಆಫೀಸಿನಿಂದ "ಒನ್ ಆ್ಯಂಡ್ ದ ಸೇಮ್" ಸರ್ಟಿಫಿಕೇಟ್ ಮಾಡಿಸಿ. ಈ ಎರಡು ಹೆಸರಿನವ ಒಬ್ಬನೇ ಅಂತ ವಿಲ್ಲೇಜ್ ಆಫೀಸರ್ ಬರೆದು ಕೊಡುದು. ಇ-ಡಿಸ್ಟ್ರಿಕ್ಟ್ ಸೈಟಲ್ಲಿ ಅರ್ಜಿ ಹಾಕ್ಲಿಕ್ಕಾಗ್ತದೆ, ಲೈಸನ್ಸ್, ಎಸ್ಸೆಸ್ಸೆಲ್ಸಿ ಬುಕ್, ಆಧಾರ್ ಮೂರನ್ನೂ ಸ್ಕ್ಯಾನ್ ಮಾಡಿ ಹಾಕಿ. ಎರಡು ಹೆಸರನ್ನೂ ಆಯಾ ದಾಖಲೆಯಲ್ಲಿ ಇದ್ದ ಹಾಗೆ ಅಕ್ಷರಕ್ಕೆ ಅಕ್ಷರ ಟೈಪ್ ಮಾಡಿ, ಇನಿಶಿಯಲ್ ಎದುರಿಗೆ ಉಂಟಾ ಹಿಂದೆ ಉಂಟಾ ಅದನ್ನೂ ಸಹ. ಅಲ್ಲಿ ತಪ್ಪಿದ್ರೆ ಆ ಸರ್ಟಿಫಿಕೇಟೇ ಮೂರನೇ ಹೆಸರು ಆಗ್ತದೆ.

ಅದು ಸಿಕ್ಕಿದ ಮೇಲೆ ಸಾರಥಿಯಲ್ಲಿ ಮೊದಲು ಮೊಬೈಲ್ ನಂಬರ್ ಅಪ್‌ಡೇಟ್ ಮಾಡಿ, ಅದಕ್ಕೆ ಬೇರೆಯೇ ಜಾಗ ಉಂಟು. ಆಮೇಲೆ ಡಿಎಲ್ ಸರ್ವಿಸಿಗೆ ಹೋಗಿ ರಿನೀವಲ್ ಮತ್ತು ಚೇಂಜ್ ಆಫ್ ನೇಮ್ ಎರಡನ್ನೂ ಒಂದೇ ಅರ್ಜಿಯಲ್ಲಿ ಟಿಕ್ ಮಾಡಿ. ಆಧಾರ್ ದಾರಿ ಬಿಟ್ಟು ಆಧಾರ್ ಇಲ್ಲದ ದಾರಿ ಹಿಡೀರಿ, ಆಫೀಸಿಗೆ ಒರಿಜಿನಲ್ ತೋರಿಸ್ಲಿಕ್ಕೆ ಒಂದು ಸಲ ಹೋಗ್ಲಿಕ್ಕುಂಟು ಅಷ್ಟೆ. 40 ದಾಟಿದ ಕಾರಣ ಫಾರ್ಮ್ ಒನ್ ಎ ಅಂದ್ರೆ ಮೆಡಿಕಲ್ ಸರ್ಟಿಫಿಕೇಟ್ ಬೇಕು, ಡಾಕ್ಟ್ರು ತುಂಬಿಸಿ ಸೀಲು, ರಿಜಿಸ್ಟರ್ ನಂಬರ್, ಸಹಿ ಹಾಕ್ಬೇಕು, ಕಣ್ಣಿನ ಸರ್ಟಿಫಿಕೇಟೂ ಒಟ್ಟಿಗೆ ಮಾಡಿಸಿ. ಕನ್ನಡಕ ಇದ್ರೆ ಹಾಕ್ಕೊಂಡೇ ಹೋಗಿ.

ಫೋಟೊ ಮತ್ತು ಸಹಿ 20 ಕೆಬಿ ಒಳಗೆ ಇರ್ಬೇಕು. ಫೋನಲ್ಲಿ ತೆಗೆದ ಫೋಟೊ ಹಾಗೇ ಹಾಕಿದ್ರೆ ತಕ್ಕೊಳ್ಳುದಿಲ್ಲ, ಸಹಿ ಬಿಳೀ ಕಾಗದದಲ್ಲಿ ಕಪ್ಪು ಪೆನ್ನಲ್ಲಿ ಹಾಕಿ ಸುತ್ತ ಕತ್ತರಿಸಿ ಸಣ್ಣ ಮಾಡಿ.

ಪೆರ್ಲ ಕಡೆಯವ:

ಅಕ್ಕ, ವಿಲ್ಲೇಜ್ ಆಫೀಸಿನ ಸರ್ಟಿಫಿಕೇಟ್ ಸಿಕ್ಕಿತು. ಡಾಕ್ಟ್ರ ಹತ್ರವೂ ಆಯ್ತು. ಅರ್ಜಿ ಹಾಕಿ ಪೇಮೆಂಟ್ ಮಾಡುವಾಗ ಇಲ್ಲಿ ಕರೆಂಟ್ ಹೋಯ್ತು, ಅಕೌಂಟಿನಿಂದ ದುಡ್ಡು ಕಟ್ ಆಗಿದೆ, ಸೈಟಲ್ಲಿ ಫೀಸ್ ಬಾಕಿ ಅಂತಲೇ ತೋರಿಸ್ತದೆ. ಪುನಃ ಕಟ್ಟುದಾ?

ಬದಿಯಡ್ಕ ಅಕ್ಕ:

ಪುನಃ ಕಟ್ಟಬೇಡಿ. ಫೀಸಿನ ಜಾಗದಲ್ಲೇ "ವೆರಿಫೈ ಪೇ ಸ್ಟೇಟಸ್" ಅಂತ ಒಂದು ಉಂಟು, ಅಪ್ಲಿಕೇಶನ್ ನಂಬರ್ ಹಾಕಿ ಅದನ್ನು ಒತ್ತಿ. ಕೂಡಲೇ ಆಗದಿದ್ರೆ ಮರುದಿವಸ ಒತ್ತಿ. ಎರಡು ಸಲ ಕಟ್ಟಿದವರು ದುಡ್ಡು ವಾಪಸ್ ಬರಲಿ ಅಂತ ಕಾಯುದು ನೋಡಿದ್ದೇನೆ.

ನೀರ್ಚಾಲು ಮಾಷ್ಟ್ರು:

ಇಬ್ಬರೂ ಒಳ್ಳೆ ಮಾಹಿತಿ ಕೊಟ್ಟಿದ್ದೀರಿ. ನಾನು ಒಂದೇ ಒಂದು ವಿಷಯ ಸೇರಿಸ್ತೇನೆ, ಇದು ನಮ್ಮವರಿಗೆ ಗೊತ್ತೇ ಇಲ್ಲ, ಗೊತ್ತಿದ್ದವರೂ ಉಪಯೋಗ ಮಾಡುದಿಲ್ಲ, ಅದು ನನಗೆ ಬೇಜಾರು. ಆಫೀಸಿಗೆ ಹೋಗುವಾಗ ಹೆಸರು ತಿದ್ದಲಿಕ್ಕೆ ಒಂದು ಅರ್ಜಿ ಬರೆದು ತಕ್ಕೊಂಡು ಹೋಗಿ, ಅದನ್ನು ಕನ್ನಡದಲ್ಲಿಯೇ ಬರೀರಿ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಲ್ಲಿ ಸ್ಪಷ್ಟ ಉಂಟು, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಅಲ್ಲಿನ ಸರಕಾರಿ ಆಫೀಸುಗಳಿಗೆ ಕನ್ನಡದಲ್ಲಿ ಬರೀಬಹುದು, ಉತ್ತರವೂ ಕನ್ನಡದಲ್ಲೇ ಕೊಡ್ಬೇಕು. 1956ರಲ್ಲಿ ನಾವು ಕೇರಳಕ್ಕೆ ಸೇರಿದ ಮೇಲೆ ನಮಗೆ ಕೈಯಲ್ಲಿ ಸಿಕ್ಕಿದ ಗಟ್ಟಿ ಹಕ್ಕು ಅಂತ ಇದ್ರೆ ಇದು. ಮಲಯಾಳ ಓದಲಿಕ್ಕೆ ಬಾರದೆ ಬೇರೆಯವರ ಹತ್ರ ಫಾರ್ಮ್ ತುಂಬಿಸಿ, ಎಂತ ಬರೆದಿದ್ದಾರೆ ಅಂತ ನೋಡದೆ ಸಹಿ ಹಾಕಿದ್ರಿಂದಲೇ ಈ "ನ್" ಬಂದದ್ದು. ನಾನು 31 ವರ್ಷ ಕನ್ನಡ ಶಾಲೆಯಲ್ಲಿ ಮಕ್ಕಳ ಹೆಸರು ರಿಜಿಸ್ಟರಿಗೆ ಬರೆದವ, ಒಂದು ಒತ್ತಕ್ಷರ ತಪ್ಪಿದ್ರೆ ಆ ಮಗು ಮುಂದೆ ಎಷ್ಟು ಕಡೆ ನಿಲ್ಲಬೇಕಾಗ್ತದೆ ಅಂತ ನಿವೃತ್ತನಾದ ಮೇಲೆ ಗೊತ್ತಾದದ್ದು, ಹಳೇ ಮಕ್ಕಳು ಈಗಲೂ ಮನೆಗೆ ಬರ್ತಾರೆ.

ಹೀಗೆ ಬರೆದ್ರೆ ಸಾಕು, ಉದ್ದ ಬೇಡ:

"ರೀಜನಲ್ ಟ್ರಾನ್ಸ್‌ಪೋರ್ಟ್ ಆಫೀಸರ್, ಕಾಸರಗೋಡು, ಇವರಿಗೆ. ವಿಷಯ: ಚಾಲನಾ ಪರವಾನಗಿಯಲ್ಲಿ ಹೆಸರಿನ ತಿದ್ದುಪಡಿ. ನನ್ನ ಪರವಾನಗಿಯಲ್ಲಿ ಹೆಸರಿನ ಕೊನೆಯಲ್ಲಿ ಎನ್ ಅಕ್ಷರ ತಪ್ಪಾಗಿ ಸೇರಿದೆ. ಎಸ್ಸೆಸ್ಸೆಲ್ಸಿ ಪುಸ್ತಕ ಮತ್ತು ಗ್ರಾಮಾಧಿಕಾರಿಯವರ ಪ್ರಮಾಣಪತ್ರದಲ್ಲಿ ಇರುವಂತೆ ತಿದ್ದಿಕೊಡಬೇಕಾಗಿ ವಿನಂತಿ. ಅರ್ಜಿ ಸಂಖ್ಯೆ ಇಷ್ಟು."

ಎರಡು ಪ್ರತಿ ಮಾಡಿ, ಒಂದರಲ್ಲಿ ಸೀಲು ಹಾಕಿಸಿ ವಾಪಸ್ ತಕ್ಕೊಳ್ಳಿ. ಹೆಸರನ್ನು ಕನ್ನಡದಲ್ಲೂ ಇಂಗ್ಲಿಷ್ ದೊಡ್ಡ ಅಕ್ಷರದಲ್ಲೂ ಬರೀರಿ, ಯಾಕಂದ್ರೆ ಕಂಪ್ಯೂಟರಿಗೆ ಹೋಗುದು ಇಂಗ್ಲಿಷ್ ಅಕ್ಷರವೇ.

ಪೆರ್ಲ ಕಡೆಯವ:

ಮಾಷ್ಟ್ರೆ, ಅಕ್ಕ, ಗ್ಯಾರೇಜ್ ಅಣ್ಣ, ಕೆಲಸ ಆಯ್ತು. ಇದೇ ತೊಂದರೆ ಇದ್ದವರಿಗೆ ಉಪಯೋಗ ಆಗ್ಲಿ ಅಂತ ಬರೀತೇನೆ.

ಪೇಮೆಂಟ್ ಮರುದಿವಸ ಬೆಳಿಗ್ಗೆ ವೆರಿಫೈ ಒತ್ತಿದಾಗ ಸರಿ ಆಯ್ತು. ವಿದ್ಯಾನಗರದ ಆಫೀಸಿಗೆ ಒರಿಜಿನಲ್ ಎಲ್ಲ ತಕ್ಕೊಂಡು ಹೋದೆ. ಕನ್ನಡದ ಅರ್ಜಿ ಕೊಡುವಾಗ ಕೈ ಸ್ವಲ್ಪ ನಡುಗಿತು ಅಂತ ಹೇಳ್ಬೇಕು, ಬೈದು ಕಳಿಸ್ತಾರಾ ಅಂತ. ಕೌಂಟರಿನ ಮೇಡಂ ಓದ್ಲಿಕ್ಕೆ ಬರುದಿಲ್ಲ ಅಂತ ಒಳಗೆ ಕನ್ನಡ ಗೊತ್ತಿದ್ದ ಇನ್ನೊಬ್ಬರನ್ನು ಕರೆದ್ರು, ಅವರು ಓದಿ ಸೀಲು ಹಾಕಿ ಕೊಟ್ರು. ಆಮೇಲೆ ಮೇಡಂ ಸ್ಕ್ರೀನನ್ನು ನನ್ನ ಕಡೆ ತಿರುಗಿಸಿ ಹೆಸರು ಸರಿ ಉಂಟಾ ನೋಡಿ ಅಂತ ಹೇಳಿದ್ರು. ಒಂದೊಂದೇ ಅಕ್ಷರ ಬೆರಳಿಟ್ಟು ಓದಿದೆ. ಮನೆ ಹೆಸರಿನ ಹತ್ರ ಒಂದು ಎ ಬಿಟ್ಟು ಹೋಗಿತ್ತು, ಅದನ್ನೂ ಅಲ್ಲೇ ಸರಿ ಮಾಡಿದ್ರು.

ನಂಗೆ 50 ತುಂಬದ ಕಾರಣ 10 ವರ್ಷಕ್ಕೆ ಸಿಕ್ಕಿದೆ, 2036ರ ವರೆಗೆ, ಆದ್ರೆ ಹಳೇ ಡೇಟಿನಿಂದ ಅಲ್ಲ, ರಿನೀವಲ್ ಆದ ದಿವಸದಿಂದ. ನಡುವಿನ ದಿವಸಗಳಿಗೆ ಲೈಸನ್ಸ್ ಇರ್ಲಿಲ್ಲ ಅಂತಲೇ ಲೆಕ್ಕ, ಹಾಗಾಗಿ ಅಣ್ಣ ಹೇಳಿದ ಹಾಗೆ ಬಸ್ಸಲ್ಲೇ ಹೋದದ್ದು ಒಳ್ಳೇದಾಯ್ತು.

ಒಂದು ಬಾಕಿ ಉಂಟು. ಡಿಜಿಲಾಕರಲ್ಲಿ ಲೈಸನ್ಸ್ ತೆಗೀಲಿಕ್ಕೆ ನೋಡಿದ್ರೆ ಹೆಸರು ಹೊಂದುದಿಲ್ಲ ಅಂತ ಈಗಲೂ ಬರ್ತದೆ.

ಉಪ್ಪಳ ಗ್ಯಾರೇಜ್:

ಅಭಿನಂದನೆ ಅಣ್ಣ. ಡಿಜಿಲಾಕರ್ ಹೆಸರನ್ನು ಆಧಾರಿಗೆ ತಾಳೆ ನೋಡುದು, ಹೊಸ ಹೆಸರು ಅಲ್ಲಿಗೆ ಬರ್ಲಿಕ್ಕೆ ಸ್ವಲ್ಪ ಸಮಯ ಕೊಡಿ. ಎರಡು ಮೂರು ದಿವಸ ಬಿಟ್ಟು ಹೊಸತಾಗಿ ತೆಗೀರಿ, ನಂಬರ್ ಆ ಸೊನ್ನೆ ಸಮೇತ ಹಾಕಿ. ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿ ಇದ್ದದ್ದು ಪೋಲೀಸರಿಗೆ ಸಾಕು, ಗಡಿಯ ಆಚೆ ಕರ್ನಾಟಕದಲ್ಲೂ ನಡೀತದೆ. ಬರೀ ಫೋಟೊ ತೆಗೆದು ಗ್ಯಾಲರಿಯಲ್ಲಿ ಇಟ್ಟದ್ದು ನಡಿಯುದಿಲ್ಲ.

ಪೆರ್ಲ ಕಡೆಯವ:

ಇವತ್ತು ಬೆಳಿಗ್ಗೆ ಬಂತು ಅಣ್ಣ. "ರಾಮ" ಅಂತಲೇ ಉಂಟು. ಹೆಂಡತಿಯದ್ದೂ 2007ರ ಲೈಸನ್ಸ್, ಮುಗಿಯುವ ಒಂದು ವರ್ಷ ಮೊದಲೇ ಹಾಕ್ಲಿಕ್ಕಾಗ್ತದೆ ಅಲ್ವಾ, ಅವಳದ್ದರಲ್ಲಿ ಹೆಸರು ಸರಿ ಉಂಟು, ಡೇಟ್ ಆಫ್ ಬರ್ತಲ್ಲಿ ತಿಂಗಳು ತಪ್ಪಿದೆ. ಎಸ್ಸೆಸ್ಸೆಲ್ಸಿ ಬುಕ್ ತೆಗೆದು ಇಟ್ಟಿದ್ದೇನೆ, ಸಂಜೆ ಕೂತು ಹಾಕ್ತೇನೆ.