ಜಡಿಮಳೆಯಲ್ಲಿ ಪಿಟೀಲು ಅಟ್ಟಕ್ಕೆ ಏರಿಸಬಹುದಾ?

ಹೊಸನಗರದವಳು: ತಂತಿ ಬಿಗಿಯುವ ಬಿರಡೆಗಳು ಅಲ್ಲಾಡದಷ್ಟು ಬಿಗಿದಿವೆ. ಗಲ್ಲ ಇಡುವ ಕಡೆ ಮೇಲ್ಹಲಗೆಯ ಅಂಚು ಎರಡು ಇಂಚು ಉದ್ದಕ್ಕೆ ಬಿಟ್ಟುಕೊಂಡು, ಮಂದ್ರ ಷಡ್ಜ ನುಡಿಸಿದರೆ ಜರ್ ಅನ್ನುತ್ತೆ. ಬಚ್ಚಲೊಲೆ ಮೇಲಿನ ಅಟ್ಟದಲ್ಲಿಡು ಅಂತಿದಾರೆ ಮನೇಲಿ. ಇಡಲಾ?

ಸಾಗರದ_ಶ್ರುತಿ: ಇಡಿ, ಏನಾಗಲ್ಲ. ಬೆಚ್ಚಗಿದ್ದರೆ ಬೂಸ್ಟು ಹತ್ತಲ್ಲ. ಅಂಚಿಗೆ ಒಂಚೂರು ಫೆವಿಕಾಲ್ ಸವರಿ, ಮೇಲೆ ಭಾರ ಹೇರಿ.

ಬಿರಡೆಭಟ್ಟ: ಎರಡೂ ಬೇಡ ಮಾರಾಯ್ರೇ. ಪಿಟೀಲಿನ ಮೇಲ್ಹಲಗೆ ಸ್ಪ್ರೂಸ್ ಮರ, ಸುಮಾರು 3 ಮಿ.ಮೀ. ದಪ್ಪ ಅಷ್ಟೆ. ಬಚ್ಚಲೊಲೆ ಸಂಜೆ ಉರಿಯುತ್ತೆ, ರಾತ್ರಿ ಆರುತ್ತೆ. ಮರ ದಿನಾ ಒಣಗಿ, ದಿನಾ ತೇವ ಹೀರುತ್ತೆ. ತೇವಕ್ಕಿಂತ ಈ ಏರಿಳಿತವೇ ಸೀಳು ಬಿಡಿಸೋದು. ಹಲಗೆ ಕೂಡಿಸಿರೋದು ಪ್ರಾಣಿ ಚರ್ಮ ಬೇಯಿಸಿ ತೆಗೆದ ಅಂಟಿನಿಂದ. ಬಿಸಿ, ತೇವ ಎರಡೂ ಸೇರಿದರೆ ಅದು ಮೆತ್ತಗಾಗುತ್ತೆ. ಆ ಅಂಟನ್ನು ಬೇಕಂತಲೇ ಮರಕ್ಕಿಂತ ದುರ್ಬಲ ಇಟ್ಟಿರ್ತಾರೆ. ಹಲಗೆ ಹಿಗ್ಗಿ ಕುಗ್ಗಿದಾಗ ಮೊದಲು ಅಂಟು ಬಿಡಲಿ, ಮರ ಉಳೀಲಿ ಅಂತ. ಫೆವಿಕಾಲ್ ಹಾಕಿದರೆ ಮುಂದಿನ ಸಲ ಹಲಗೆಯೇ ಸೀಳುತ್ತೆ. ರಿಪೇರಿಯವರಿಗೆ 'ಚರ್ಮದ ಬಿಸಿ ಅಂಟೇ ಹಾಕಿ' ಅಂತ ಬಾಯಿಬಿಟ್ಟು ಹೇಳಿ. ಅಲ್ಲೀವರೆಗೆ ಶ್ರುತಿ ಒಂದು ಸ್ವರ ಇಳಿಸಿಡಿ.

ಸಾಗರದ_ಶ್ರುತಿ: ಅಂಟಿನ ಮಾತು ಒಪ್ಪಿದೆ. ಬೀರುವಿನೊಳಗೆ 15 ವ್ಯಾಟಿನ ಬಲ್ಬು? ಅದು ಹಗಲೂ ರಾತ್ರಿ ಒಂದೇ ಸಮ ಉರಿಯುತ್ತಲ್ಲ.

ಬಿರಡೆಭಟ್ಟ: ಒಂದೇ ಸಮ ಉರಿಯೋಕೆ ನಮ್ಮಲ್ಲಿ ಜೂನ್-ಜುಲೈನಲ್ಲಿ ಕರೆಂಟೆಲ್ಲಿ?

ತುಂಗಾತೀರ: ಬಲ್ಬಿಗಿಂತ ಪೆಟ್ಟಿಗೆಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಹರಳು ಮೇಲು. 100 ಗ್ರಾಮಿನ ಎರಡು ಪೊಟ್ಟಣ, ಜೊತೆಗೆ ತೇವ ಅಳೆಯುವ ಸಣ್ಣ ಮೀಟರು. 40–60% ಇರಬೇಕು ಅಂತಾರೆ; ಆಗುಂಬೆ, ಹೊಸನಗರದ ಕಡೆ 65ರಲ್ಲಿ ಸ್ಥಿರವಾಗಿ ನಿಂತರೂ ಸಾಕು. ಕಿತ್ತಳೆ ಬಣ್ಣದ್ದು ತಗೊಳ್ಳಿ, ತೇವ ಕುಡಿದಾಗ ಹಸಿರಾಗುತ್ತೆ. ನೀಲಿಯದರಲ್ಲಿ ಕೋಬಾಲ್ಟ್ ಇರುತ್ತೆ, ವಿಷ. ಯಾವುದೇ ಆದರೂ ಮತ್ತೆ ಒಣಗಿಸೋಕೆ ಅಂತ ಅಡುಗೆ ಬಾಣಲೆಯಲ್ಲಿ ಹುರಿಯಬೇಡಿ.

ಹೊಸನಗರದವಳು: ಬಿರಡೆಗೇನು ಮಾಡಲಿ? ಉಪ್ಪುಕಾಗದ ಹಾಕಿ ಉಜ್ಜಲಾ?

ಬಿರಡೆಭಟ್ಟ: ಖಂಡಿತ ಬೇಡ. ಈಗ ಉಜ್ಜಿ ಸಣ್ಣ ಮಾಡಿದರೆ ಚಳಿಗಾಲದಲ್ಲಿ ಮರ ಕುಗ್ಗಿ ಬಿರಡೆ ಜಾರುತ್ತೆ, ತಂತಿ ನಿಲ್ಲಲ್ಲ. ಇಕ್ಕಳವೂ ಬೇಡ, ತಲೆ ಮುರಿಯುತ್ತೆ. ಎರಡು ದಿನ ಜೆಲ್ ಜೊತೆ ಮುಚ್ಚಿಟ್ಟು, ಆಮೇಲೆ ಹೊರಕ್ಕೆ ಎಳೀತಾ ತಿರುಗಿಸಿ. ಬಿರಡೆ ತಲೆಯ ಕಡೆ ದಪ್ಪ, ತುದಿ ಕಡೆ ಸಣ್ಣ. ಒಳಕ್ಕೆ ಒತ್ತಿದಷ್ಟೂ ಕಚ್ಚುತ್ತೆ. ಹೊರಗೆ ಬಂದಮೇಲೆ ಮರಕ್ಕೆ ತಾಗಿ ಹೊಳೆಯುವ ಎರಡು ಪಟ್ಟೆಗೆ ಮಾತ್ರ ಒಣ ಸೋಪು ಸವರಿ. ಜಾರಿದರೆ ಸೀಮೆಸುಣ್ಣ. ಒಂದು ಸಲಕ್ಕೆ ಒಂದೇ ತಂತಿ ಬಿಚ್ಚಿ. ನಾಲ್ಕೂ ಸಡಿಲಿಸಿದರೆ ತಂತಿ ಹೊರುವ ಕುದುರೆ (ಬ್ರಿಡ್ಜ್) ಬೀಳುತ್ತೆ, ಒಳಗೆ ನಿಲ್ಲಿಸಿರೋ ಸಣ್ಣ ಕಡ್ಡಿ, ಸೌಂಡ್ ಪೋಸ್ಟೂ ಬೀಳಬಹುದು. ಅದನ್ನ ಮತ್ತೆ ನಿಲ್ಲಿಸೋದು ಮನೆಯಲ್ಲಿ ಆಗೋ ಕೆಲಸ ಅಲ್ಲ.

ಸಾಗರದ_ಶ್ರುತಿ: ಭಟ್ರು ಚೆನ್ನಾಗಿ ಪಿಟೀಲು ಕುಯ್ದರು 🙂 ನಾಲ್ಕೂ ತಂತಿಯ ಬುಡಕ್ಕೆ ಫೈನ್ ಟ್ಯೂನರ್ ಅನ್ನೋ ಸಣ್ಣ ತಿರುಪು ಹಾಕಿಸಿದರೆ ಬಿರಡೆ ಮುಟ್ಟೋದೇ ಅಪರೂಪ.

ಬಿರಡೆಭಟ್ಟ: ಹಾಕಿಸಲಿ. ಆದರೆ ಶ್ರುತಿ ಒಂದು ಸ್ವರದಷ್ಟು ಇಳಿದರೆ ಅದರಿಂದ ಏರಿಸೋಕಾಗಲ್ಲ, ಬಿರಡೆಯೇ ಗತಿ.

ತುಂಗಾತೀರ: ಕಮಾನನ್ನ ಎಲ್ಲರೂ ಮರೆತ್ರಿ. ಅದಕ್ಕೆ ಕಟ್ಟಿರೋ ಕುದುರೆ ಬಾಲದ ಕೂದಲು ತೇವಕ್ಕೆ ಉದ್ದವಾಗುತ್ತೆ, ತಿರುಪು ಕೊನೆವರೆಗೂ ಹೋದರೂ ಬಿಗಿಯಲ್ಲ. ಕಮಾನು ಕೆಟ್ಟಿತು ಅಂತ ಹೊಸ ಕೂದಲು ಕಟ್ಟಿಸಬೇಡಿ, ಮಳೆ ಹೊಳವಾಗಲಿ, ಕಾದು ನೋಡಿ. ನುಡಿಸಿದಮೇಲೆ ಸಡಿಲ ಬಿಡಿ.