ಪದಚರ್ಚೆ: ‘ಆರು ತಿಂಗಳವರೆಗೆ ವಿಸ್ತರಿಸಬಹುದಾದ’ ಅನ್ನೋದಕ್ಕೆ ಸರಳ ಮಾತು ಯಾವುದು?

ಎಲ್ಲರಿಗೂ ನಮಸ್ಕಾರ.

ಕುಡಿದು ಗಾಡಿ ಓಡಿಸಿದವರಿಗೆ ಆಗುವ ಶಿಕ್ಷೆಯ ಬಗ್ಗೆ ಸಾಮಾನ್ಯ ಓದುಗರಿಗಾಗಿ ಒಂದು ಪುಟ್ಟ ಬರಹ ಸಿದ್ಧ ಮಾಡುತ್ತಿದ್ದೇನೆ. ಕಾನೂನಿನ ಕನ್ನಡದಲ್ಲಿ ಆಗಾಗ ಕಾಣುವ ‘ಆರು ತಿಂಗಳವರೆಗೆ ವಿಸ್ತರಿಸಬಹುದಾದ ಕಾರಾವಾಸ’ ಅನ್ನೋ ಪ್ರಯೋಗ ಕಾಡುತ್ತಿದೆ.

ಇದನ್ನು ಓದಿದವರಿಗೆ ಏನನ್ನಿಸುತ್ತದೆ? ಮೊದಲು ಒಂದಷ್ಟು ದಿನ ಒಳಗೆ ಹಾಕುತ್ತಾರೆ, ಆಮೇಲೆ ಬೇಕಾದರೆ ಆರು ತಿಂಗಳ ತನಕ ಎಳೆಯುತ್ತಾರೆ ಅಂತ, ಅಲ್ವಾ? ರಜೆ ವಿಸ್ತರಣೆ, ಗಡುವು ವಿಸ್ತರಣೆ ಎಲ್ಲ ಹಾಗೇ ತಾನೇ. ಕಾನೂನು ಹೇಳೋದೇ ಬೇರೆ. ನ್ಯಾಯಾಧೀಶರು ಒಂದು ವಾರ ಕೊಡಬಹುದು, ಆರು ತಿಂಗಳೂ ಕೊಡಬಹುದು. ಅದರ ಮೇಲೆ ಹೋಗುವಂತಿಲ್ಲ, ಅಷ್ಟೆ.

‘ಕುಡಿದು ಓಡಿಸಿದರೆ 6 ತಿಂಗಳು ಜೈಲು’ ಅನ್ನೋ ಥರದ ತಲೆಬರಹ ಇನ್ನೊಂದು ಅತಿ. ಅಲ್ಲಿ ‘ವರೆಗೆ’ಯೂ ಇಲ್ಲ, ‘ಅಥವಾ’ನೂ ಇಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ ಮೊದಲ ಸಲ ಆರು ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಎರಡು ವರ್ಷದವರೆಗೆ ಜೈಲು, ಅಥವಾ 15,000 ದಂಡ, ಅಥವಾ ಎರಡೂ. ಮೊದಲ ಸಲ ಸಿಕ್ಕವರು ಸಾಮಾನ್ಯವಾಗಿ ದಂಡ ಕಟ್ಟಿ ಮನೆಗೆ ಹೋಗೋದು ಆ ‘ಅಥವಾ’ದ ದಯೆಯಿಂದಲೇ. 2019ರ ತಿದ್ದುಪಡಿಗೆ ಮೊದಲು ದಂಡವೂ ‘2,000 ರೂಪಾಯಿವರೆಗೆ’ ಅಂತಿತ್ತು. ಈಗ ದಂಡದ ಪಕ್ಕದ ‘ವರೆಗೆ’ ಹೋಗಿದೆ, ಜೈಲಿನ ಪಕ್ಕದ್ದು ಉಳಿದಿದೆ. ಹಾಗಾಗಿ ಎರಡನ್ನೂ ಒಂದೇ ಥರ ಬರೆಯೋ ಹಾಗಿಲ್ಲ.

ಸಾವಾದ ಕೇಸುಗಳಲ್ಲಿ ಈ ‘ವರೆಗೆ’ಯ ಹರವು ಇನ್ನೂ ಜಾಸ್ತಿ. 2006ರಲ್ಲಿ ಮುಂಬೈನ ಕಾರ್ಟರ್ ರಸ್ತೆಯಲ್ಲಿ ಕುಡಿದಿದ್ದ ಚಾಲಕನ ಕಾರು ಹರಿದು ರಸ್ತೆ ಬದಿ ಮಲಗಿದ್ದ 7 ಜನ ಸತ್ತರು. ಕೆಳ ಕೋರ್ಟು ಕೊಟ್ಟಿದ್ದು ಆರು ತಿಂಗಳು. ಹೈಕೋರ್ಟು ಐಪಿಸಿ (ಭಾರತೀಯ ದಂಡ ಸಂಹಿತೆ) 304ರ ಎರಡನೇ ಭಾಗ, ಅಂದರೆ ಕೊಲೆ ಅನ್ನಿಸಿಕೊಳ್ಳದ ನರಹತ್ಯೆಯ ಸೆಕ್ಷನ್, ಹಚ್ಚಿ ಮೂರು ವರ್ಷ ಮಾಡಿತು. 2012ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಆ ಸೆಕ್ಷನ್‌ನಲ್ಲಿ ಹತ್ತು ವರ್ಷದವರೆಗೆ ಕೊಡಲು ಅವಕಾಶ ಇತ್ತು!

ನನಗೆ ಹೊಳೆದಿದ್ದು ಎರಡು: ‘ಹೆಚ್ಚೆಂದರೆ ಆರು ತಿಂಗಳ ಸಜೆ’, ‘ಆರು ತಿಂಗಳು ಮೀರದ ಸಜೆ’. ಮೊದಲನೆಯದು ಬಾಯಿಗೆ ಸಲೀಸು. ಆದರೆ ಅದರಲ್ಲಿ ಸ್ವಲ್ಪ ಉಡಾಫೆ ಇದೆ. ‘ಹೆಚ್ಚೆಂದರೆ ಏನ್ಮಾಡ್ತಾರೆ?’ ಅಂತ ಕುಡಿದು ಗಾಡಿ ಹತ್ತುವವರೇ ಕೇಳೋದು. ಎರಡನೆಯದು ಗಟ್ಟಿ, ನನ್ನ ಒಲವೂ ಆ ಕಡೆಗೇ. ಆದರೆ ಶಿಕ್ಷೆ ಅದಕ್ಕಿಂತ ಕಡಿಮೆಯೂ ಆಗಬಹುದು ಅನ್ನೋದು ಅದರಲ್ಲಿ ಥಟ್ಟನೆ ಹೊಳೆಯೋದಿಲ್ಲ.

ಇನ್ನೊಂದು ಮಾತು. ‘ಸಜೆ’ ಈಗಿನ ಹುಡುಗರಿಗೆ ಅರ್ಥವಾಗುತ್ತದೆಯೇ? ಸುಮ್ನೆ ‘ಜೈಲು’ ಅಂದುಬಿಡಲೇ? ಕೋರ್ಟು ಕೆಲಸದಲ್ಲಿರುವವರು ನಿಮ್ಮ ಕಡೆಯ ಆದೇಶಗಳಲ್ಲಿ ಹೇಗೆ ಬರೆಯುತ್ತಾರೆ ಅಂತ ದಯವಿಟ್ಟು ತಿಳಿಸಿ.