ಕುಲಾವಿ ರೆಡಿ, ಕೂಸೆಲ್ಲಿ?

"ಎಲ್ಲಾ ರೆಡಿ ರಂಗಣ್ಣ," ಎಂದ ಸೀನ. "ಇನ್ನು ಆನ್‌ಲೈನ್‌ನಲ್ಲಿ ದುಡ್ಡು ಬರೋದೊಂದೇ ಬಾಕಿ."

ಲ್ಯಾಪ್‌ಟಾಪ್ ನಮ್ಮ ಕಡೆ ತಿರುಗಿಸಿದ. ಆನ್‌ಲೈನ್ ಗಳಿಕೆಗೆ ಬೇಕೇ ಬೇಕಾದ ಟೂಲ್‌ಗಳು ಅಂತ ಒಂದು ಪಟ್ಟಿ. ಶಾಮ ಮೌಸ್ ಉರುಳಿಸಿದ, ಉರುಳಿಸಿದ, ಬೆರಳು ಸೋತು ಕೈಬಿಟ್ಟ. ಪದ್ಮಕ್ಕ ಮೂಲೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ತಮ್ಮ ಪಾಡಿಗೆ ಟೈಪ್ ಮಾಡುತ್ತಿದ್ದರು.

"ವೆಬ್‌ಸೈಟ್‌ಗೆ ಹೆಸರು, ಅಂದ್ರೆ ಡೊಮೇನ್, ತಗೊಂಡಾಯ್ತು. ಅದನ್ನ ಇಡೋ ಜಾಗ, ಹೋಸ್ಟಿಂಗ್, ಆಯ್ತು. ಕ್ಯಾನ್ವಾದಲ್ಲಿ ಲೋಗೋ ಆಯ್ತು, ನೀಲಿದೊಂದು, ಹಸಿರುದೊಂದು. ಮೇಲ್‌ಚಿಂಪ್‌ನಲ್ಲಿ ನ್ಯೂಸ್‌ಲೆಟರ್. ನೋಷನ್‌ನಲ್ಲಿ ಪ್ಲಾನಿಂಗ್. ಆ ಪ್ಲಾನಿಂಗ್ ಎಲ್ಲಿಗೆ ಬಂತು ಅಂತ ನೋಡೋಕೆ ಟ್ರೆಲ್ಲೋ. ಆಮೇಲೆ, ನನ್ನ ಸಮಯ ಎಲ್ಲಿ ಪೋಲಾಗುತ್ತೆ ಅಂತ ಲೆಕ್ಕ ಇಡೋಕೆ ಒಂದು ಆ್ಯಪ್."

"ಎಲ್ಲಿ ಪೋಲಾಗ್ತಿದೆ?" ಕೇಳಿದರು ರಂಗಣ್ಣ.

"ಆ ಆ್ಯಪ್‌ನಲ್ಲೇ ಜಾಸ್ತಿ."

"ಸರಿ. ಈ ಲೋಗೋ ಯಾವುದರದ್ದು?"

"ಯಾವುದರದ್ದು ಅಂದ್ರೆ?"

"ಏನು ಮಾರ್ತೀಯ? ಏನು ಮಾಡಿಕೊಡ್ತೀಯ?"

"ಅದನ್ನ ನಿಧಾನಕ್ಕೆ ಯೋಚಿಸಬಹುದು. ಮೊದಲು ಸೆಟಪ್ ಮುಖ್ಯ ಅಂತ ಎಲ್ಲ ವಿಡಿಯೋದಲ್ಲೂ ಹೇಳ್ತಾರೆ."

ರಂಗಣ್ಣ ಕನ್ನಡಕ ತೆಗೆದು ಒರೆಸಿದರು. "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದರು ಅಂತ ಗಾದೆ. ಹೊಲಿಸಿದವರು ಒಂದು ಸಲ ದುಡ್ಡು ಕೊಟ್ಟು ಸುಮ್ಮನಾಗುತ್ತಿದ್ದರು. ನೀನು ಹುಟ್ಟದ ಕೂಸಿನ ಕುಲಾವಿಗೆ ತಿಂಗಳ ತಿಂಗಳ ಚಂದಾ ಕಟ್ಟುತ್ತಿದ್ದೀಯಲ್ಲೋ."

"ನ್ಯೂಸ್‌ಲೆಟರ್‌ಗೆ ಓದುಗರಿದ್ದಾರೆ ರಂಗಣ್ಣ! ನಾನು, ನನ್ನ ಹೆಂಡತಿ."

"ಪರವಾಗಿಲ್ಲ, ಇಬ್ಬರು."

"ಅವಳು ಹೋದ ವಾರ ಅನ್‌ಸಬ್‌ಸ್ಕ್ರೈಬ್ ಮಾಡಿದಳು."

ಶಾಮನಿಗೆ ಸೀನನ ಮೇಲೆ ಕನಿಕರ ಬಂತು. "ಯೂಟ್ಯೂಬ್ ಶುರು ಮಾಡು. ಅದಕ್ಕೆ ಕಾಸು ಬೇಡ," ಅಂದ.

"ಶುರು ಮಾಡಿದ್ದೀನಿ. ಜಾಹೀರಾತಿನ ದುಡ್ಡು ಬರೋಕೆ 1,000 ಸಬ್‌ಸ್ಕ್ರೈಬರ್ ಬೇಕಂತೆ, ಒಂದು ವರ್ಷದಲ್ಲಿ ಜನ 4,000 ಗಂಟೆ ನೋಡಿರಬೇಕಂತೆ. 2018ರಿಂದ ಅದೇ ರೂಲು. ಶಾರ್ಟ್ಸ್ ಆದ್ರೆ 90 ದಿನದಲ್ಲಿ ಒಂದು ಕೋಟಿ ವ್ಯೂಸ್."

ರಂಗಣ್ಣ ಮನಸ್ಸಿನಲ್ಲೇ ಭಾಗಿಸಿದರು. "ಒಬ್ಬನೇ ಕೂತು ನೋಡಿದರೆ, ಊಟ ನಿದ್ದೆ ಏನೂ ಇಲ್ಲದೆ, ಹಗಲೂ ರಾತ್ರಿ 166 ದಿನ ಮುಗಿದು ಮೇಲೊಂದಿಷ್ಟು ಗಂಟೆ. ನಿಮ್ಮ ಮಾವ ರಿಟೈರ್ ಆಗಿದ್ದಾರಲ್ಲ, ಕೇಳಿ ನೋಡು."

"ಆ ರೂಲು 2023ರಲ್ಲಿ ಸ್ವಲ್ಪ ಸಡಿಲ ಆಯ್ತಲ್ವಾ?" ಅಂದ ಶಾಮ. "500 ಸಬ್‌ಸ್ಕ್ರೈಬರ್, 3,000 ಗಂಟೆ ಇದ್ರೂ ಒಳಗೆ ಬಿಡ್ತಾರೆ. ಆದರೆ ಅಲ್ಲಿ ಸಿಗೋದು ಮೆಂಬರ್‌ಶಿಪ್ಪು, ಸೂಪರ್ ಥ್ಯಾಂಕ್ಸು, ಇಂಥದ್ದು. ಅಂದ್ರೆ ನೋಡುವವರು ಪ್ರೀತಿಯಿಂದ ಕೊಟ್ಟರೆ ಉಂಟು. ಜಾಹೀರಾತಿನ ಪಾಲಿಗೆ ಹಳೇ ರೂಲೇ. ಅದು ದಾಟಿದ ಮೇಲೆ ಉದ್ದ ವಿಡಿಯೋದಲ್ಲಿ ಬಂದ ದುಡ್ಡಲ್ಲಿ ನೂರಕ್ಕೆ 55 ನಿನಗೆ, ಶಾರ್ಟ್ಸ್‌ನಲ್ಲಿ 45."

"ವಿಡಿಯೋ ಎಷ್ಟು ಹಾಕಿದ್ದೀಯ ಸೀನ?"

"ಇಂಟ್ರೋ ಮ್ಯೂಸಿಕ್ ಆರಿಸ್ತಾ ಇದ್ದೀನಿ."

ರಂಗಣ್ಣ ಮಾತಾಡಲಿಲ್ಲ. ಕೈಯಲ್ಲಿ ಒಂದು ಪುಟ್ಟ ಟೋಪಿಯ ಆಕಾರ ಮಾಡಿ ತೋರಿಸಿದರು, ಅಷ್ಟೇ.

ಸೀನನಿಗೆ ರೇಗಿತು. "ಹಂಗಾದ್ರೆ ಬ್ಲಾಗು ಬರೆದು ಗೂಗಲ್‌ನ ಜಾಹೀರಾತು, ಅದೇ ಆ್ಯಡ್‌ಸೆನ್ಸ್, ಹಾಕ್ತೀನಿ. ಅದು 2003ರಿಂದ ಇದೆ, ಮೋಸ ಇಲ್ಲ. ಹತ್ತು ಡಾಲರ್ ಆದ್ರೆ ಅವರೇ ಅಂಚೆಯಲ್ಲಿ ಕಾಗದ ಕಳಿಸ್ತಾರೆ, ಅದರಲ್ಲಿ ಪಿನ್ ಇರುತ್ತೆ, ಅಡ್ರೆಸ್ ನಿಜವೋ ಸುಳ್ಳೋ ಅಂತ ನೋಡೋಕೆ. ನೂರು ಡಾಲರ್ ಆದ್ರೆ ದುಡ್ಡು."

"ಇಷ್ಟು ದೊಡ್ಡ ಇಂಟರ್‌ನೆಟ್ ಕಂಪನಿ, ಕೊನೆಗೆ ನಂಬೋದು ಪೋಸ್ಟ್‌ಮ್ಯಾನ್‌ನನ್ನ! ಕಾಗದ ಬಂತಾ?"

"ಇಲ್ಲ. ಆದರೆ ಪೋಸ್ಟ್‌ಮ್ಯಾನ್‌ಗೆ ಹೇಳಿಟ್ಟಿದ್ದೀನಿ."

"ಪಾಪ, ಅವರಿಗೂ ಒಂದು ಕುಲಾವಿ."

ಮಾತು ಫ್ರೀಲಾನ್ಸಿಂಗ್ ಕಡೆ, ಅಂದರೆ ಆನ್‌ಲೈನ್‌ನಲ್ಲಿ ಬಿಡಿ ಕೆಲಸ ಹಿಡಿದು ಮಾಡೋದರ ಕಡೆ, ಹೊರಳಿತು. ಇಲ್ಲಿ ಶಾಮನಿಗೆ ಅನುಭವ ಇದೆ, ಹಾಗಾಗಿ ಅವನ ಮುಖ ಸಪ್ಪಗಾಯಿತು. "ಫೈವರ್ ಅಂತ ಇದೆಯಲ್ಲ, 2010ರಲ್ಲಿ ಶುರುವಾದಾಗ ಏನೇ ಕೆಲಸ ಆದರೂ ಐದು ಡಾಲರ್. ಅದಕ್ಕೇ ಆ ಹೆಸರು. ಅದರಲ್ಲಿ ನೂರಕ್ಕೆ ಇಪ್ಪತ್ತು ಅವರು ಹಿಡ್ಕೋತಾರೆ, ಕೈಗೆ ನಾಲ್ಕು. ಇನ್ನು ಅಪ್‌ವರ್ಕ್‌ನಲ್ಲಿ ಕೆಲಸಕ್ಕೆ ಅರ್ಜಿ ಹಾಕೋಕೆ ಕನೆಕ್ಟ್ಸ್ ಅನ್ನೋ ಟೋಕನ್ ಬೇಕು. ಮುಗಿದ್ರೆ ದುಡ್ಡು ಕೊಟ್ಟು ಕೊಳ್ಳಬೇಕು, ಒಂದಕ್ಕೆ 15 ಸೆಂಟ್. ಒಂದು ಅರ್ಜಿಗೆ ಒಂದು ಸಾಲಲ್ಲ, ಎಷ್ಟೋ ಬೇಕು."

"ಕೆಲಸ ಕೇಳೋಕೂ ಟಿಕೆಟ್ಟು!" ರಂಗಣ್ಣನಿಗೆ ನಿಜವಾಗಿ ಆಶ್ಚರ್ಯ. "ಸಿಗದಿದ್ದರೆ ವಾಪಸ್ ಕೊಡ್ತಾರಾ?"

"ಸಾಮಾನ್ಯವಾಗಿ ಇಲ್ಲ."

"ನೋಡು ಸೀನ, ಇಲ್ಲೊಬ್ಬರು ಕೂಸಿಲ್ಲದೆ ದುಡ್ಡು ಮಾಡುತ್ತಿದ್ದಾರೆ. ಅದು ನೀನಲ್ಲ."

ಸೀನ ಸೋಲುವ ಆಸಾಮಿಯಲ್ಲ. "ಅಫಿಲಿಯೇಟ್ ಇದೆಯಲ್ಲ! ಅಮೆಜಾನ್‌ನದ್ದು 1996ರಿಂದ ನಡೀತಿದೆ. ಲಿಂಕ್ ಹಾಕೋದು, ಯಾರಾದ್ರೂ ಅದರ ಮೂಲಕ ಕೊಂಡ್ರೆ ಕಮಿಷನ್. ನಾನೇ ನನ್ನ ಲಿಂಕ್ ಒತ್ತಿ ಒಂದು ಮೈಕ್ ತರಿಸಿದೆ. ಕಮಿಷನ್ ಕೊಡಲೇ ಇಲ್ಲ."

"ಕೊಡಲ್ಲ ಕಣೋ. ಸ್ವಂತಕ್ಕೆ ಕೊಂಡರೆ ಲೆಕ್ಕಕ್ಕಿಲ್ಲ ಅಂತ ಅವರ ನಿಯಮದಲ್ಲೇ ಇದೆ," ಅಂದ ಶಾಮ.

ರಂಗಣ್ಣ ಈಗ ಪಟ್ಟಿಯ ಮೇಲೆ ಬೆರಳಿಟ್ಟರು. "ಈ ಪಟ್ಟಿ ಬರೆದವನು ಇದನ್ನ ಸುಮ್ನೆ ಬರೆದ ಅಂದುಕೊಂಡೆಯಾ? ಒಂದೊಂದು ಹೆಸರಿನ ಮೇಲೂ ಮೌಸ್ ಇಡು. ಕೆಳಗೆ ಲಿಂಕ್ ಕಾಣುತ್ತಲ್ಲ, ಅದರ ಬಾಲ ನೋಡು. 'ರೆಫ್' ಅಂತ ಇದೆ, ಮುಂದೆ ಅವನ ಹೆಸರು. ಇದಕ್ಕೂ ಹಾಗೇ, ಇದಕ್ಕೂ. ನೀನು ಕೊಂಡಾಗೆಲ್ಲ ಅವನಿಗೆ ಪಾಲು. ಪಾಪ, ಅವನು ಸುಳ್ಳು ಹೇಳಿಲ್ಲ. ಈ ಟೂಲ್‌ಗಳಿಂದ ದುಡ್ಡು ಬರುತ್ತೆ ಅಂದ, ಬಂತು. ಯಾರಿಗೆ ಅಂತ ನೀನು ಕೇಳಲಿಲ್ಲ."

ಸೀನ ಒಂದೊಂದರ ಮೇಲೂ ಮೌಸ್ ಇಟ್ಟು ನೋಡಿದ. ಕ್ಯಾಲ್ಕುಲೇಟರ್ ಒಂದನ್ನು ಬಿಟ್ಟು ಎಲ್ಲದಕ್ಕೂ ಬಾಲ ಇತ್ತು.

ಆಮೇಲೆ ಸೀನನ ಚಿಕ್ಕಪ್ಪನ ಮಗನ ವಿಷಯ ಬಂತು. ಟೆಲಿಗ್ರಾಂ ಗ್ರೂಪು, ವಿಡಿಯೋಗೆ ಲೈಕ್ ಒತ್ತುವ ಕೆಲಸ. ಮೊದಲೆರಡು ದಿನ ಚಿಲ್ಲರೆ ಕಾಸು ನಿಜವಾಗಿ ಬಂತು, ಆಮೇಲೆ ದೊಡ್ಡ ಟಾಸ್ಕಿಗೆ ಮೊದಲು ನೀವೇ ದುಡ್ಡು ಕಟ್ಟಿ ಅಂದರು, ಕಟ್ಟಿದ, ತೆಗೆಯೋಕೆ ಇನ್ನಷ್ಟು ಕಟ್ಟಿ ಅಂದರು. ಆ ಹುಡುಗ ಈಗ ಮನೆಯಲ್ಲಿ ಫೋನ್ ಎತ್ತಲ್ಲ. ಇದರಲ್ಲಿ ನಗೋಕೆ ಏನೂ ಇರಲಿಲ್ಲ, ನಾವೂ ನಗಲಿಲ್ಲ.

ಹೆಡ್‌ಫೋನ್ ತೆಗೆದದ್ದು ಪದ್ಮಕ್ಕ. "ಏನೋ ಸೀನ, ನಿನ್ನ ಪಟ್ಟಿಯಲ್ಲಿ ಕಾಲಿಗೇನಾದರೂ ಇದೆಯಾ?"

"ಕಾಲಿಗಾ?"

ಮೇಜಿನ ಕೆಳಗೆ ತೋರಿಸಿದರು. ಹೊಲಿಗೆ ಮಿಷನ್ನಿನದರಂಥ ಒಂದು ಪೆಡಲ್, ಕಂಪ್ಯೂಟರ್‌ಗೆ ವೈರು. ಕಾಲ್ಬೆರಳ ತುದಿಯಲ್ಲಿ ಒತ್ತಿದರೆ ಆಡಿಯೋ ಓಡುತ್ತೆ, ಬಿಟ್ಟರೆ ನಿಲ್ಲುತ್ತೆ, ಅಂಚು ಒತ್ತಿದರೆ ಸ್ವಲ್ಪ ಹಿಂದಕ್ಕೆ ಹೋಗುತ್ತೆ. ಕೈ ಕೀಬೋರ್ಡ್ ಬಿಡೋದೇ ಬೇಡ. ಎಡ ಬದಿಯ ರಬ್ಬರ್ ಸವೆದು ನುಣ್ಣಗಾಗಿತ್ತು. ಹಿಂದಕ್ಕೆ ಓಡಿಸೋದು ಅದೇ ಬದಿ.

"ಒಂದು ಗಂಟೆಯ ಮಾತನ್ನ ಬರಹಕ್ಕಿಳಿಸೋಕೆ ನಾಲ್ಕು ಗಂಟೆ ಬೇಕು," ಅಂದರು. "ಇಬ್ಬರು ಒಟ್ಟಿಗೆ ಮಾತಾಡಿದರೆ ಇನ್ನೂ ಜಾಸ್ತಿ. ಇದರಲ್ಲೇ ಮಗಳ ಫೀಸು ಕಟ್ಟಿದ್ದು."

"ಅಕ್ಕಾ! ಮತ್ತೆ ಹೇಳಲೇ ಇಲ್ಲ! ಇದೇ ತಾನೇ ಆನ್‌ಲೈನ್ ಗಳಿಕೆ?"

"ನಾನು ಕೆಲಸ ಅಂದುಕೊಂಡಿದ್ದೆ."

ರಂಗಣ್ಣ ಜೋರಾಗಿ ನಕ್ಕರು. ಪದ್ಮಕ್ಕ ನಗಲಿಲ್ಲ. "ಈಗ ಮೊದಲಿನ ಹಾಗಿಲ್ಲ. ಯಂತ್ರ ಮೊದಲು ಬರೆಯುತ್ತೆ, ನಾನು ತಿದ್ದೋದು. ರೇಟು ಅರ್ಧಕ್ಕಿಂತ ಕಡಿಮೆ. ತಿದ್ದೋದು ಸುಲಭ ಅಲ್ವಾ ಅಂತಾರೆ. ಯಾರೂ ಮಾತಾಡದೆ ಸುಮ್ಮನಿದ್ದ ಕಡೆ ಅದು 'ನೋಡಿದ್ದಕ್ಕೆ ಧನ್ಯವಾದಗಳು' ಅಂತ ಬರೆದಿರುತ್ತೆ. ವಿಡಿಯೋಗಳನ್ನ ಕೇಳಿ ಕೇಳಿ ಕಲಿತದ್ದಲ್ವಾ, ಅಭ್ಯಾಸ. ಮೊನ್ನೆ ಒಬ್ಬರು ಅಪ್ಪ ತೀರಿಹೋದದ್ದನ್ನ ಹೇಳ್ತಾ ಮಾತು ನಿಲ್ಲಿಸಿದರು. ಅಲ್ಲೂ ಅದೇ ಬರೆದಿತ್ತು. ಅಳಿಸಿದೆ."

ಸ್ವಲ್ಪ ಹೊತ್ತು ಯಾರೂ ಏನೂ ಹೇಳಲಿಲ್ಲ. ಅಂಥ ಹೊತ್ತಲ್ಲಿ ಶಾಮ ಏನಾದರೂ ಮಾಹಿತಿ ಕೊಡುತ್ತಾನೆ.

"1770ರಲ್ಲಿ ಕೆಂಪೆಲೆನ್ ಅನ್ನೋನು ಚೆಸ್ ಆಡೋ ಯಂತ್ರ ಮಾಡಿದ್ದ. ಪೇಟ ಸುತ್ತಿದ ತುರ್ಕಿಯ ಗೊಂಬೆ, ಮುಂದೆ ಪೆಟ್ಟಿಗೆ. ಬಾಗಿಲು ತೆಗೆದು ಚಕ್ರ, ಹಲ್ಲು ಎಲ್ಲಾ ತೋರಿಸ್ತಿದ್ದ. 1809ರಲ್ಲಿ ನೆಪೋಲಿಯನ್ ಕೂಡ ಅದರ ಎದುರು ಸೋತ. ನಿಜ ಏನಂದ್ರೆ ಒಳಗೆ ಒಬ್ಬ ಚೆಸ್ ಆಟಗಾರ ಮುದುಡಿಕೊಂಡು ಕೂತಿರ್ತಿದ್ದ, ಮೇಣದ ಬತ್ತಿ ಹಚ್ಚಿಕೊಂಡು. ಬತ್ತಿಯ ಹೊಗೆ ಗೊಂಬೆಯ ಪೇಟದಿಂದ ಹೊರಗೆ ಹೋಗ್ತಿತ್ತು. ಅಮೆಜಾನ್ 2005ರಲ್ಲಿ ಸಣ್ಣಪುಟ್ಟ ಕೆಲಸಗಳನ್ನ ಜನರಿಗೆ ಹಂಚೋ ಒಂದು ಸೈಟ್ ಶುರು ಮಾಡಿ, ಆ ಗೊಂಬೆಯ ಹೆಸರನ್ನೇ ಇಟ್ಟಿತು. ಮೆಕ್ಯಾನಿಕಲ್ ಟರ್ಕ್."

"ನಾಚಿಕೆ ಇಲ್ಲದೆ ಇಟ್ಟರಲ್ಲ, ಮೆಚ್ಚಬೇಕು," ಅಂದರು ರಂಗಣ್ಣ. "ಗೊಂಬೆಯ ಹೆಸರು ಇವತ್ತಿಗೂ ಇದೆ. ಒಳಗೆ ಹೊಗೆ ಕುಡಿದವನ ಹೆಸರು ಪೋಸ್ಟರ್ ಮೇಲೆ ಇತ್ತಾ?"

"ಹೆಸರು ಹಾಕಿದ್ರೆ ಗುಟ್ಟು ಒಡೆಯುತ್ತಲ್ವಾ."

"ನೋಡಿ ಪದ್ಮಕ್ಕ, ನಿಮ್ಮ ಕೆಲಸಕ್ಕೂ ಇನ್ನೂರೈವತ್ತು ವರ್ಷದ ಇತಿಹಾಸ ಇದೆ."

"ನಾನೂ ಪೆಟ್ಟಿಗೆ ಒಳಗೇ ಇದ್ದವಳು ರಂಗಣ್ಣ, ಅದಕ್ಕೇನೂ ಬೇಜಾರಿಲ್ಲ. ಈಗ ಯಂತ್ರವೂ ಒಳಗೆ ಬಂದು ಪಕ್ಕದಲ್ಲಿ ಕೂತಿದೆ. ಜಾಗ ಸಾಲ್ತಿಲ್ಲ, ಅಷ್ಟೇ."

ಸೀನ ಅಷ್ಟರಲ್ಲಿ ಫೋನಿನಲ್ಲಿ ಪೆಡಲ್ ಹುಡುಕುತ್ತಿದ್ದ. ಯಾವ ಕಂಪನಿ ಒಳ್ಳೇದು, ಮೂರು ಬಟನ್ನಿಂದೋ ನಾಲ್ಕಿಂದೋ, ವೈರ್‌ಲೆಸ್ ಬರುತ್ತಾ. ರಂಗಣ್ಣ ಬಗ್ಗಿ ಅವನ ಫೋನ್ ಕಿತ್ತುಕೊಂಡು ಜೇಬಿಗೆ ಹಾಕಿಕೊಂಡರು.

"ಬಾ ಇಲ್ಲಿ," ಪದ್ಮಕ್ಕ ತಮ್ಮ ಕುರ್ಚಿ ಬಿಟ್ಟುಕೊಟ್ಟರು. "ಐದು ನಿಮಿಷದ ಫೈಲ್ ಇದೆ. ಕೇಳ್ತಾ ಹೋಗು, ತಪ್ಪಿದ್ದ ಕಡೆ ಸರಿ ಮಾಡು."

ಸೀನ ಕೂತ. ಪೆಡಲ್ ಒತ್ತಿದ, ಬಿಟ್ಟ, ಹಿಂದೆ ಓಡಿಸಿದ. ಮತ್ತೆ ಹಿಂದೆ ಓಡಿಸಿದ. ನಾವು ಬೇರೆ ಏನೇನೋ ಮಾತಾಡಿ, ಅದೂ ಮುಗಿದು, ಶಾಮ ಹೊರಡುತ್ತೇನೆ ಅಂತ ಎದ್ದು ಮತ್ತೆ ಕೂತ. ಅರ್ಧ ಗಂಟೆ ದಾಟಿರಬೇಕು. ಸೀನ ಹೆಡ್‌ಫೋನ್ ಒಂದು ಕಿವಿಯಿಂದ ಸರಿಸಿ, ಸೋತ ದನಿಯಲ್ಲಿ ಕೇಳಿದ: "ಅಕ್ಕಾ, ಇದನ್ನ ತಾನೇ ಮಾಡೋ ಟೂಲ್ ಯಾವುದೂ ಇಲ್ವಾ?"

"ಇದೆಯಲ್ಲ," ಅಂದರು ಪದ್ಮಕ್ಕ. "ಅದು ಮಾಡಿದ್ದನ್ನೇ ನೀನೀಗ ತಿದ್ದುತ್ತಾ ಇರೋದು."